ಎಲ್ಲ ದಿಕ್ಕಿನಿಂದಲೂ ಸೊನ್ನೆ, ಆದರೂ...

ಪಿಯುಸಿಯಲ್ಲಿ ಲಿಮಿಟ್ ಅಂದರೆ ಎಡದಿಂದ ಬಂದು ನೋಡು, ಬಲದಿಂದ ಬಂದು ನೋಡು, ಎರಡೂ ಒಂದೇ ಆದರೆ ಮುಗೀತು. ಡಿಗ್ರಿಯಲ್ಲಿ ಎರಡು ಚರಗಳ ಕ್ಯಾಲ್ಕುಲಸ್ ಶುರುವಾದರೆ ಆ ನೆಮ್ಮದಿ ಇಲ್ಲ. ಅಲ್ಲಿ ಬರುವ ದಾರಿಗಳಿಗೆ ಲೆಕ್ಕವೇ ಇಲ್ಲ.

ನನಗೆ ಬಲು ಇಷ್ಟವಾದ ಲೆಕ್ಕವೊಂದಿದೆ: ಮೇಲೆ ಎಕ್ಸ್ ಸ್ಕ್ವೇರ್ ಇಂಟು ವೈ, ಕೆಳಗೆ ಎಕ್ಸ್‌ನ ನಾಲ್ಕನೇ ಘಾತ ಪ್ಲಸ್ ವೈ ಸ್ಕ್ವೇರ್. ಮೂಲಬಿಂದುವಿಗೆ ಯಾವ ಸರಳರೇಖೆ ಹಿಡಿದು ಬಂದರೂ ಉತ್ತರ ಸೊನ್ನೆಯತ್ತಲೇ ಹೋಗುತ್ತದೆ. ಇನ್ನೇನು ಸೊನ್ನೆ ಅಂತ ಬರೆಯಬೇಕು, ಅಷ್ಟರಲ್ಲಿ ‘ವೈ ಈಕ್ವಲ್ ಟು ಎಕ್ಸ್ ಸ್ಕ್ವೇರ್’ ಪ್ಯಾರಾಬೋಲದ ಮೇಲೆ ಬಂದು ನೋಡಿ. ಉದ್ದಕ್ಕೂ 1/2, ಒಂಚೂರೂ ಕದಲುವುದಿಲ್ಲ! ಅಂದಮೇಲೆ ಲಿಮಿಟ್ಟೇ ಇಲ್ಲ.

ಪರೀಕ್ಷೆಯ ಅವಸರದಲ್ಲಿ ಇದನ್ನು ಐದು ನಿಮಿಷದಲ್ಲಿ ದಾಟಿಸಬೇಡಿ ಮೇಷ್ಟ್ರೇ. ಇಡೀ ಒಂದು ಪೀರಿಯಡ್ ಕೊಡಿ. ಆ ಪ್ಯಾರಾಬೋಲವನ್ನು ಮಕ್ಕಳೇ ಹುಡುಕಲಿ.