ಸೊಟ್ಟಗಾದ ರೆಕಾರ್ಡು ನೆಟ್ಟಗಾದ ಬಗೆ

ಕುಣಿಗಲ್‌ನ ಹಳೆಯ ಮನೆಯೊಂದರ ಅಟ್ಟದಿಂದ ಆ ಬೇಸಿಗೆ ರಜೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಕೆಳಗಿಳಿಯಿತು. ಅದರಲ್ಲಿ ಇದ್ದದ್ದು ಗ್ರಾಮಫೋನ್ ರೆಕಾರ್ಡುಗಳು. ತುಮಕೂರಿನಲ್ಲಿ ಪಿ.ಯು.ಸಿ. ವಿಜ್ಞಾನ ಓದುತ್ತಿದ್ದ ಮೊಮ್ಮಗ ಒಂದೊಂದನ್ನೇ ಹೊರತೆಗೆದು ಧೂಳು ಒರೆಸುತ್ತಿದ್ದ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ತಾತನ ಕಣ್ಣು ಮಾತ್ರ ಒಂದೇ ರೆಕಾರ್ಡನ್ನು ಹುಡುಕುತ್ತಿತ್ತು.

ಅದು ಎಂ.ಎಸ್. ಸುಬ್ಬುಲಕ್ಷ್ಮಿ ಅವರ ವೆಂಕಟೇಶ ಸುಪ್ರಭಾತ. 1963ರಲ್ಲಿ ಎಚ್‌ಎಂವಿ ಹೊರತಂದ ಆ ಎಲ್‌ಪಿ ದಕ್ಷಿಣ ಭಾರತದ ಎಷ್ಟೋ ಮನೆಗಳಲ್ಲಿ ಬೆಳಗು ಮಾಡಿದೆ. ಈ ಮನೆಯ ಪ್ರತಿಯನ್ನು ಅಜ್ಜಿ ಹಾಲು ಮಾರಿ ಕೂಡಿಟ್ಟ ದುಡ್ಡಿನಲ್ಲಿ ತುಮಕೂರಿನಿಂದ ತರಿಸಿದ್ದರು. ಕವರಿನ ಮೂಲೆಯಲ್ಲಿ ಅವರ ಕೈಬರಹದ ಹೆಸರಿದೆ. ಅಜ್ಜಿ ತೀರಿಕೊಂಡು ಮೂರು ವರ್ಷ. ಅಂದಿನಿಂದ ಪ್ಲೇಯರಿನ ಮುಚ್ಚಳವನ್ನು ಯಾರೂ ತೆಗೆದಿರಲಿಲ್ಲ.

ರೆಕಾರ್ಡು ಸಿಕ್ಕಿತು. ಆದರೆ ಕಾಯಿಸಿದ ಹಪ್ಪಳದಂತೆ ಸೊಟ್ಟಗಾಗಿತ್ತು. ತಿರುಗಲು ಬಿಟ್ಟರೆ ಒಂದು ಕಡೆಯ ಅಂಚು ಮೇಲೇಳುತ್ತಿತ್ತು. ಮುಳ್ಳು ಆ ದಿಬ್ಬ ಹತ್ತಿ ಆಚೆಗೆ ಜಿಗಿಯುತ್ತಿತ್ತು. ಎಲ್‌ಪಿಯಲ್ಲಿ ಹಾಡು ಶುರುವಾಗುವುದು ಹೊರ ಅಂಚಿನಿಂದ. ಹಾಗಾಗಿ ಸುಪ್ರಭಾತದ ಆರಂಭವೇ ಕೇಳದಾಯಿತು.

"ಫೋನಿನಲ್ಲಿ ಹಾಕ್ತೀನಿ ತಾತ. ಅದೇ ಹಾಡು, ಇನ್ನೂ ಚೆನ್ನಾಗಿ ಕೇಳುತ್ತೆ."

"ಅದರಲ್ಲಿ ಟಿಕ್ ಅನ್ನೋದಿಲ್ಲವಲ್ಲೋ" ಎಂದರು ತಾತ.

ಹುಡುಗನ ತಾಯಿ ಐದು ವರ್ಷದವಳಿದ್ದಾಗ ಪ್ಲೇಯರಿನ ಕೈಯನ್ನು ತಳ್ಳಿ ರೆಕಾರ್ಡಿನ ಮೇಲೊಂದು ಗೀರು ಮಾಡಿದ್ದಳು. ಹಾಡು ಶುರುವಾದ ಸ್ವಲ್ಪ ಹೊತ್ತಿಗೆ ಅಲ್ಲಿ 'ಟಿಕ್, ಟಿಕ್' ಎಂಬ ಸದ್ದು. ಅದು ಬಂದಾಗಲೆಲ್ಲ ಅಜ್ಜಿ ಒಲೆಯ ಮುಂದಿನಿಂದಲೇ ಮಗಳ ಕಡೆ ತಿರುಗಿ ನಗುತ್ತಿದ್ದರಂತೆ.

ಹುಡುಗನಿಗೆ ಹುರುಪು ಬಂತು. ಮೊದಲು ಬೇರೊಂದು ರೆಕಾರ್ಡಿನ ಮೇಲೆ ಪರೀಕ್ಷೆ ಮಾಡೋಣವೆಂದು, ಸೊಟ್ಟಗಾಗಿದ್ದ ಸಿನಿಮಾ ಹಾಡುಗಳ ಎಲ್‌ಪಿಯನ್ನು ಎರಡು ವೃತ್ತಪತ್ರಿಕೆಗಳ ನಡುವೆ ಇಟ್ಟು ಇಸ್ತ್ರಿ ಪೆಟ್ಟಿಗೆ ಎಳೆದ. ಐದೇ ನಿಮಿಷ! ತಟ್ಟೆ ಮಣೆಯ ಹಾಗೆ ನೆಟ್ಟಗಾಯಿತು. ಹಾಕಿದರೆ ಬರೀ ಮಳೆ ಸುರಿದ ಸದ್ದು. ಹಾಡು ಎಲ್ಲೂ ಇರಲಿಲ್ಲ. ತಾತ ಬೈಯಲಿಲ್ಲ. ಆ ರೆಕಾರ್ಡನ್ನು ಒರೆಸಿ ಅದರ ಕವರಿನೊಳಗೆ ಹಾಕಿಟ್ಟರು. ಬೈದಿದ್ದರೆ ಹುಡುಗನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಮರುದಿನ ಅವನು ತುಮಕೂರಿಗೆ ಹೋಗಿ, ಅಲ್ಲಿಂದ ಬಸ್ಸು ಬದಲಾಯಿಸಿ ಗುಬ್ಬಿಗೆ ಹೋದ. 1884ರಲ್ಲಿ ನಾಟಕ ಕಂಪನಿ ಕಟ್ಟಿ, ಮುಂದೆ ವೀರಣ್ಣನವರ ಕಾಲದಲ್ಲಿ ನಾಡಿಗೆಲ್ಲ ಹೆಸರಾದ ಊರು ಅದು. ಅಲ್ಲಿ ತಾತನ ಪರಿಚಯದ ಹಳೆಯ ರೇಡಿಯೊ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರು ಎರಡೂ ರೆಕಾರ್ಡುಗಳನ್ನು ಬೆಳಕಿಗೆ ಹಿಡಿದು ನೋಡಿದರು.

"ನೀನು ತಟ್ಟೆ ನೆಟ್ಟಗೆ ಮಾಡಿದೆ ಕಣಪ್ಪ, ಹಾಡನ್ನೂ ಇಸ್ತ್ರಿ ಮಾಡಿಬಿಟ್ಟೆ" ಎಂದರು.

ಅವರು ವಿವರಿಸಿದ್ದು ಪಠ್ಯಪುಸ್ತಕದ ಭೌತಶಾಸ್ತ್ರವೇ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 1.8 ಸೆಕೆಂಡು. ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ಗೆರೆ ಹಾದುಹೋಗುತ್ತದೆ. ಸೆಕೆಂಡಿಗೆ 10,000 ಕಂಪನಗಳ ಸ್ವರವಾದರೆ ಒಂದೊಂದು ಅಲೆಗೆ ಅಲ್ಲಿ ಸಿಗುವ ಜಾಗ 0.05 ಮಿಲಿಮೀಟರ್ ಮಾತ್ರ, ಹೆಚ್ಚುಕಡಿಮೆ ಒಂದು ಕೂದಲಿನ ದಪ್ಪ. ಎಲ್‌ಪಿಯ ವಿನೈಲ್ ಪ್ಲಾಸ್ಟಿಕ್ ಸುಮಾರು 60-70 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗತೊಡಗುತ್ತದೆ. ಇಸ್ತ್ರಿ ಪೆಟ್ಟಿಗೆಯ ಶಾಖ 100 ಡಿಗ್ರಿ ಮೀರಿದ್ದು. ಆ ಕಾವಿಗೆ, ಆ ಒತ್ತಡಕ್ಕೆ ಕೂದಲೆಳೆಯ ಅಲೆಗಳು ಉಳಿಯುವುದುಂಟೆ?

"ಹಾಗಾದರೆ ಅಟ್ಟದಲ್ಲಿ ಸೊಟ್ಟಗಾದದ್ದು ಹೇಗೆ ಸಾರ್? ಅಲ್ಲಿ ಅಷ್ಟು ಶಾಖ ಇರಲಿಲ್ಲವಲ್ಲ?"

"ಶಾಖ ಕಮ್ಮಿ, ಆದರೆ ಕಾಲ ಜಾಸ್ತಿ. ಪೆಟ್ಟಿಗೆಯಲ್ಲಿ ಓರೆಯಾಗಿ ಒರಗಿತ್ತು, ಮೇಲೆ ಶೀಟಿನ ಮಾಡು. ಮೂರು ಬೇಸಿಗೆ ತನ್ನ ಭಾರಕ್ಕೆ ತಾನೇ ಬಾಗಿದೆ. ಕಾವು, ಭಾರ, ಕಾಲ, ಈ ಮೂರೂ ಸೇರಿ ಕೆಡಿಸಿವೆ. ಸರಿಮಾಡಬೇಕಾದ್ದೂ ಅವೇ ಮೂರು. ಕಾವು ಕಮ್ಮಿ ಇರಲಿ, ಕಾಲ ಧಾರಾಳವಾಗಿ ಕೊಡು."

ಪೆಟ್ಟಿಗೆಯಲ್ಲಿ ಮುತ್ತಾತನ ಕಾಲದ 78 ವೇಗದ ಪ್ಲೇಟುಗಳೂ ಇವೆ ಎಂದಾಗ ಮೆಕ್ಯಾನಿಕ್ ಕೈಯಾಡಿಸಿದರು. "ಅವು ಅರಗಿನವು, ಮುಟ್ಟಬೇಡ. ಬಗ್ಗಿಸಹೋದರೆ ಗಾಜಿನಂತೆ ಒಡೆಯುತ್ತವೆ. ಸ್ಪಿರಿಟ್ ಹಾಕಿ ಒರೆಸಿದರೆ ಅರಗು ಕರಗುತ್ತದೆ." ಮರದ ಮೇಲಿನ ಅರಗಿನ ಹುಳು ಸ್ರವಿಸುವ ಅಂಟಿಗೆ ಕಲ್ಲಿನ ಪುಡಿ ಮೊದಲಾದವನ್ನು ಬೆರೆಸಿ ಮಾಡಿದ ತಟ್ಟೆಗಳು ಅವು. ಚನ್ನಪಟ್ಟಣದ ಗೊಂಬೆಗೆ ಬಣ್ಣ ಹಿಡಿಸುವುದೂ ಅರಗೇ.

ಹುಡುಗ ತುಮಕೂರಿನಲ್ಲಿ ಇಳಿದು, 6 ಮಿಲಿಮೀಟರ್ ದಪ್ಪದ, 14 ಅಂಗುಲ ಚೌಕದ ಎರಡು ಗಾಜುಗಳನ್ನು ಅಂಚು ಉಜ್ಜಿಸಿ ತಂದ. ರೆಕಾರ್ಡನ್ನೂ ಗಾಜನ್ನೂ ಧೂಳಿನ ಕಣವಿಲ್ಲದಂತೆ ಒರೆಸಿದ. ಒಂದು ಮರಳಿನ ಕಣ ಸಿಕ್ಕಿಕೊಂಡರೂ ಅದು ಗೆರೆಯೊಳಗೆ ಒತ್ತುತ್ತದೆ. ಹೆಚ್ಚಿನ ಎಲ್‌ಪಿಗಳ ಅಂಚೂ ನಡುವಿನ ಲೇಬಲ್ಲೂ ಗೆರೆಗಳ ಭಾಗಕ್ಕಿಂತ ತುಸು ದಪ್ಪ. ಹಾಗಾಗಿ ಗಾಜಿನ ಭಾರ ಅವುಗಳ ಮೇಲೆ ಬೀಳುತ್ತದೆ, ಹಾಡಿನ ಮೇಲಲ್ಲ. ರೆಕಾರ್ಡನ್ನು ನಡುವೆ ಇಟ್ಟು, ಪಡುವಣ ಕೋಣೆಯ ಸಮತಟ್ಟಾದ ನೆಲದ ಮೇಲೆ, ಬಿಸಿಲು ನೇರವಾಗಿ ಬೀಳದ ಕಡೆ ಇಟ್ಟ. ಮೇಲೆ 5 ಕಿಲೋ ಅಕ್ಕಿಯ ಚೀಲವನ್ನು ಹರಡಿದ. ಮಧ್ಯಾಹ್ನ ಥರ್ಮಾಮೀಟರ್ 38 ಡಿಗ್ರಿ ದಾಟಲಿಲ್ಲ.

ಮೊದಲ ವಾರ ತೆಗೆದು ನೋಡುವ ಆಸೆಯನ್ನು ತಡೆದುಕೊಳ್ಳುವುದೇ ಕಷ್ಟವಾಯಿತು. "ಬೆಚ್ಚಗಿರುವಾಗ ತೆಗೆದರೆ ಮತ್ತೆ ಬಾಗುತ್ತೆ, ಮುಂಜಾನೆಯ ತಂಪಿನಲ್ಲಿ ನೋಡು" ಎಂದಿದ್ದರು ಮೆಕ್ಯಾನಿಕ್. ಎರಡನೆಯ ವಾರ ಅಂಚು ಸ್ವಲ್ಪ ಇಳಿದಿತ್ತು. ಆರನೆಯ ವಾರ, ಕಾಲೇಜು ತೆರೆಯುವ ಹಿಂದಿನ ದಿನ ಮುಂಜಾನೆ, ಹುಡುಗ ಅಕ್ಕಿಯ ಚೀಲ ಎತ್ತಿದ.

ಪೂರ್ತಿ ನೆಟ್ಟಗಾಗಿರಲಿಲ್ಲ. ತಿರುಗುವಾಗ ಮುಳ್ಳು ಸಣ್ಣಗೆ ಏರಿಳಿಯುತ್ತಿತ್ತು. ಆದರೆ ಜಿಗಿಯಲಿಲ್ಲ. ಸುಪ್ರಭಾತ ಮೊದಲಿನಿಂದ ಶುರುವಾಯಿತು, ದನಿ ಒಂಚೂರು ತೂಗಿದಂತೆ. ಅಡುಗೆಮನೆಯಿಂದ ತಾಯಿ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತಳು.

ಟಿಕ್, ಟಿಕ್.

ತಾತ ಮಗಳ ಕಡೆ ತಿರುಗಿ ನಕ್ಕರು.

ಆ ರೆಕಾರ್ಡು ಈಗ ಅಟ್ಟದಲ್ಲಿಲ್ಲ. ಬಿಸಿಲು ತಾಕದ ಬೀರುವಿನಲ್ಲಿ, ಒರಗದಂತೆ ನೇರವಾಗಿ ನಿಂತಿದೆ. ಅದರ ಪಕ್ಕದಲ್ಲೇ ಇಸ್ತ್ರಿಯಾದ ರೆಕಾರ್ಡೂ ಇದೆ. ಎಸೆಯಬೇಡವೆಂದವನು ಮೊಮ್ಮಗನೇ.