ಹನ್ನೆರಡೇ ಹನ್ನೆರಡು ಕ್ಲಿಕ್ಕು!

ಟಾಕೀಸಿನ ಮುಂದೆ ಗಾಜಿನ ಪೆಟ್ಟಿಗೆಯೊಳಗೆ ಪಿನ್ನು ಚುಚ್ಚಿ ಹಾಕಿರುತ್ತಿದ್ದ ಸ್ಟಿಲ್ಲುಗಳನ್ನು ನೀವು ನೋಡಿದ್ದೀರಾ ಗೆಳೆಯರೇ? ನೋಡಿಲ್ಲದಿದ್ದರೆ ನಿಮ್ಮಪ್ಪನನ್ನು ಕೇಳಿ. ಟಿಕೆಟ್ ಸಿಗದ ದಿನ ಅವನ್ನೇ ಒಂದೊಂದಾಗಿ ನೋಡಿ, ಕಥೆ ಊಹಿಸಿಕೊಂಡು ಮನೆಗೆ ಬಂದವರು ಎಷ್ಟು ಜನವೋ! ಆದರೆ ಆ ಸ್ಟಿಲ್ಲು ತೆಗೆದವನನ್ನು ಯಾರೂ ಕೇಳಲಿಲ್ಲ. ಟೇಕ್ ಓಕೆ ಆದ ಮೇಲೆ ‘ಸ್ಟಿಲ್!’ ಅಂತ ಕೂಗು ಬೀಳಬೇಕು. ನಾಯಕ ನಾಯಕಿ ಅದೇ ಭಂಗಿಯಲ್ಲಿ ಇನ್ನೊಮ್ಮೆ ನಿಲ್ಲಬೇಕು. ಆಗ ಒಬ್ಬ ಮನುಷ್ಯ ಎರಡು ಕಣ್ಣಿನ ಪೆಟ್ಟಿಗೆಯೊಂದನ್ನು ಎದೆಗೆ ಒತ್ತಿ ಹಿಡಿದು, ತಲೆ ಬಗ್ಗಿಸಿ, ‘ಟಿಕ್’ ಅನ್ನಿಸಿ ಪಕ್ಕಕ್ಕೆ ಸರಿಯಬೇಕು. ಅಷ್ಟೇ ಅವನ ಪಾತ್ರ!

ಆ ಎರಡು ಕಣ್ಣಿನ ಪೆಟ್ಟಿಗೆಯೇ ಟ್ವಿನ್ ಲೆನ್ಸ್ ಕ್ಯಾಮರಾ. ಮೇಲಿನ ಕಣ್ಣು ನಾವು ನೋಡುವುದಕ್ಕೆ, ಕೆಳಗಿನ ಕಣ್ಣು ಫಿಲಂ ನೋಡುವುದಕ್ಕೆ. 1929ರಲ್ಲಿ ಜರ್ಮನಿಯಲ್ಲಿ ಬಂದ ರೋಲಿಫ್ಲೆಕ್ಸ್ ಈ ವಂಶದ ದೊಡ್ಡಣ್ಣ. ಆಮೇಲೆ ಜಪಾನಿನ ಯಾಷಿಕಾ ಬಂತು. ಇವಕ್ಕೆ ಹಾಕುವುದು 120 ರೋಲು. ಕೊಡಾಕ್ ಕಂಪನಿ 1901ರಲ್ಲೇ ತಂದದ್ದು, ಇವತ್ತಿಗೂ ತಯಾರಾಗುತ್ತಿದೆ. ಒಂದು ರೋಲಿಗೆ ಹನ್ನೆರಡು ಫೋಟೋ. ಒಂದೊಂದೂ 56 ಮಿ.ಮೀ. ಚೌಕ. ಸಾಮಾನ್ಯ 35 ಎಂ.ಎಂ. ನೆಗೆಟಿವ್‌ಗಿಂತ ಮೂರೂವರೆ ಪಟ್ಟು ದೊಡ್ಡದು! ಇದಕ್ಕೇ ಮೀಡಿಯಂ ಫಾರ್ಮ್ಯಾಟ್ ಅನ್ನುವುದು.

ಈಗ ನನ್ನ ಕಥೆಗೆ ಬರೋಣ. ನಾನು ಮದುವೆ ಛತ್ರಗಳಲ್ಲಿ ಎರಡನೇ ಕ್ಯಾಮರಾದವನು. ಅಂದರೆ ಮೊದಲನೇ ಕ್ಯಾಮರಾದವರು ಧಾರೆ ತೆಗೆಯುವಾಗ ಬಂದವರ ಮುಖ ತೆಗೆಯುವವನು. ಎರಡು ಸೀಸನ್ ದುಡಿದು 45,000 ರೂಪಾಯಿ ಕೂಡಿಸಿದ್ದೆ. ಅದು ಒಂದು 85 ಎಂ.ಎಂ. ಲೆನ್ಸಿಗೆ ಅಂತ ಎತ್ತಿಟ್ಟ ಗಂಟು. ಸ್ವಂತ ಲೆನ್ಸಿದ್ದರೆ ದಿನದ ಕೂಲಿ ಏರುತ್ತೆ, ಮೊದಲನೇ ಕ್ಯಾಮರಾ ಆಗುವ ದಾರಿ ತೆರೆಯುತ್ತೆ. ಅಷ್ಟರಲ್ಲಿ ಸುದ್ದಿ ಬಂತು: ಗಾಂಧಿನಗರದಲ್ಲಿ ಸ್ಟಿಲ್ಸ್ ಮಾಡುತ್ತಿದ್ದ ಹಿರಿಯರೊಬ್ಬರು ತಮ್ಮ ಯಾಷಿಕಾ ಮ್ಯಾಟ್ 124ಜಿ ಮಾರುತ್ತಾರಂತೆ!

ಸುಮ್ಮನೆ ಆಸೆಯಾದರೆ ಒಂದು ವಾರದಲ್ಲಿ ಇಳಿದುಹೋಗುತ್ತಿತ್ತು. ಆದರೆ ನನ್ನ ತಲೆಯಲ್ಲಿ ಇನ್ನೊಂದು ಹುಳ ಕೊರೆಯುತ್ತಿತ್ತು. ಬೆಂಗಳೂರಿನ ಕಪಾಲಿ 2017ರಲ್ಲಿ ಬಾಗಿಲು ಹಾಕಿತು. 1974ರಲ್ಲಿ ಅಣ್ಣಾವ್ರ ‘ಬಂಗಾರದ ಪಂಜರ’ದಿಂದ ಶುರುವಾದ ಕಾವೇರಿ, ಐವತ್ತು ತುಂಬಿದ 2024ರಲ್ಲೇ ಮುಚ್ಚಿತು. ಜಿಲ್ಲೆ, ತಾಲ್ಲೂಕುಗಳಲ್ಲಿ ಮುಚ್ಚಿದ ಟಾಕೀಸುಗಳ ಲೆಕ್ಕ ಇಟ್ಟವರು ಯಾರು? ಎಲ್ಲಾ ಕಡೆ ಈಗ ಡಿಜಿಟಲ್ ಪೆಟ್ಟಿಗೆ ಬಂದು ಕೂತಿದೆ. ರೀಲು ಸುತ್ತಿದ ಕೈಗಳಿಗೆ ವಯಸ್ಸಾಗಿದೆ. ಆ ಆಪರೇಟರುಗಳನ್ನು, ಗೇಟ್ ಕೀಪರುಗಳನ್ನು, ಕಿಂಡಿಯ ಹಿಂದೆ ಕೂತು ಟಿಕೆಟ್ ಹರಿದವರನ್ನು ಅವರವರ ಜಾಗದಲ್ಲೇ ನಿಲ್ಲಿಸಿ ಫೋಟೋ ತೆಗೆದಿಡಬೇಕು... ಇದೇ ಆ ಹುಳ.

‘ಅದಕ್ಕೆ ನಿನ್ನ ಡಿಜಿಟಲ್ ಸಾಲದೇನೋ?’ ನೀವು ಕೇಳೋದು ಸರಿ. ನಾನೂ ನನ್ನನ್ನೇ ಕೇಳಿಕೊಂಡೆ. ಸಾಲುತ್ತೆ, ಧಾರಾಳವಾಗಿ ಸಾಲುತ್ತೆ. ಅಷ್ಟೇ ಏಕೆ, ಸತ್ಯಜಿತ್ ರಾಯ್ ಅವರ ಜೊತೆ ವರ್ಷಗಟ್ಟಲೆ ಸ್ಟಿಲ್ ತೆಗೆದ ನಿಮಾಯ್ ಘೋಷ್ ಶುರು ಮಾಡಿದ್ದು ಯಾವುದರಿಂದ ಗೊತ್ತೇ? ಯಾರೋ ಟ್ಯಾಕ್ಸಿಯಲ್ಲಿ ಬಿಟ್ಟುಹೋಗಿದ್ದ ಒಂದು ಸಾಧಾರಣ ಕೆನಾನೆಟ್ ಕ್ಯಾಮರಾದಿಂದ! 240 ರೂಪಾಯಿ ಬಾಕಿ ಉಳಿಸಿಕೊಂಡಿದ್ದ ಸ್ನೇಹಿತ ಅದನ್ನೇ ಲೆಕ್ಕಕ್ಕೆ ಮುರಿದುಕೊಳ್ಳಲು ಕೊಟ್ಟನಂತೆ. ಅದನ್ನು ಹಿಡಿದೇ ಅವರು ‘ಗೂಪಿ ಗಾಯೇನ್ ಬಾಘಾ ಬಾಯೇನ್’ (1969) ಶೂಟಿಂಗಿಗೆ ಹೋದದ್ದು. ಕ್ಯಾಮರಾ ದೊಡ್ಡದಾದರೆ ಕಲೆ ದೊಡ್ಡದಾಗುತ್ತೆ ಅನ್ನುವವರ ಬಾಯಿ ಮುಚ್ಚಿಸಲು ಇದೊಂದೇ ಸಾಕು.

ಹಾಗಾದರೆ ಯಾಷಿಕಾ ಏಕೆ? ಆ ಹಿರಿಯರ ಮನೆಗೆ ಹೋದಾಗ ಅವರು ಕ್ಯಾಮರಾ ತೋರಿಸುವ ಮುಂಚೆ ಒಂದು ಹಳೇ ಬಿಸ್ಕತ್ ಡಬ್ಬ ತೆಗೆದರು. ಒಳಗೆ ಚೌಕ ಚೌಕ ನೆಗೆಟಿವ್. ಒಂದನ್ನು ಕಿಟಕಿ ಬೆಳಕಿಗೆ ಹಿಡಿದೆ. ಟಾಕೀಸಿನ ಮುಂದೆ ಜನ, ಕಟೌಟಿಗೆ ಹಾರ, ಪೊಲೀಸಪ್ಪನ ಕೈಯಲ್ಲಿ ಲಾಠಿ... ಸುಮಾರು ಐವತ್ತು ವರ್ಷದ ಹಿಂದಿನದು. ಅದನ್ನು ನೋಡಲು ಯಾವ ಯಂತ್ರವೂ ಬೇಕಾಗಲಿಲ್ಲ! ಹತ್ತು ವರ್ಷದ ಹಿಂದೆ ಫೋನಲ್ಲಿ ತೆಗೆದ ಫೋಟೋ ಇವತ್ತು ನಿಮ್ಮಲ್ಲಿ ಎಷ್ಟು ಜನರ ಹತ್ತಿರ ಇದೆ, ಹೇಳಿ? ಇನ್ನೊಂದು ಮಾತು. ತಲೆ ಬಗ್ಗಿಸಿ ಫೋಟೋ ತೆಗೆಯುವವನ ಎದುರು ಜನ ಬೇರೆ ರೀತಿ ಕೂರುತ್ತಾರೆ. ಮುಖಕ್ಕೆ ಗುರಿಯಿಟ್ಟ ಹಾಗಿರೋಲ್ಲ, ನಮಸ್ಕಾರ ಮಾಡಿದ ಹಾಗಿರುತ್ತೆ.

ಕೊಳ್ಳುವುದಾದರೆ ಯಾವುದನ್ನು? ಮಾರುಕಟ್ಟೆಯಲ್ಲಿ ಸುತ್ತಿದೆ. ಹ್ಯಾಸೆಲ್‌ಬ್ಲಾಡ್ ನೋಡಿದೆ. 1969ರಲ್ಲಿ ಚಂದ್ರನ ಮೇಲೆ ಹೋದ ಕಂಪನಿಯದು, ಸ್ವಾಮಿ! ಅವರು ಹೇಳಿದ ಬೆಲೆಗೆ ನನ್ನ ಗಂಟು ಮೂರು ಪಟ್ಟಾಗಬೇಕಿತ್ತು. ಮಾಮಿಯಾ ಆರ್‌ಬಿ67 ಇನ್ನೊಂದು. ಫೋಟೋ ಇನ್ನೂ ದೊಡ್ಡದು, ಆದರೆ ರೋಲಿಗೆ ಹತ್ತೇ. ತೂಕ ಎರಡೂವರೆ ಕೆ.ಜಿ.ಯ ಮೇಲೆ. ಅದರ ಕನ್ನಡಿ ‘ಧಡ್’ ಅಂತ ಎದ್ದರೆ ಕ್ಯಾಮರಾನೇ ನಡುಗುತ್ತೆ. ಪ್ರೊಜೆಕ್ಷನ್ ರೂಮಿನ ಕತ್ತಲಲ್ಲಿ ನಿಧಾನ ಸ್ಪೀಡಿನಲ್ಲಿ ತೆಗೆಯುವವನಿಗೆ ಇದು ಕಷ್ಟವೇ. ಯಾಷಿಕಾದಲ್ಲಿ ಏಳುವ ಕನ್ನಡಿಯೇ ಇಲ್ಲ. ತೂಕ ಒಂದು ಕೆ.ಜಿ. ಚಿಲ್ಲರೆ. ಕೊರತೆಯೂ ಇದೆ: ಲೆನ್ಸು ಬದಲಿಸಲಾಗದು, ಒಂದು ಮೀಟರಿಗಿಂತ ಹತ್ತಿರ ಹೋಗಲಾಗದು. ಆದರೆ ಮನುಷ್ಯ ಮತ್ತು ಅವನ ಮಷೀನು ಎರಡೂ ಒಟ್ಟಿಗೆ ಬೇಕೆನ್ನುವ ನನಗೆ ಅದು ಅಡ್ಡಿಯಲ್ಲ.

ಇನ್ನು ಲೆಕ್ಕ. ಹೆಚ್ಚಿನವರು ಕ್ಯಾಮರಾದ ಬೆಲೆ ಕೇಳಿ ಕೊಳ್ಳೋದೋ ಬಿಡೋದೋ ಅಂತ ಯೋಚಿಸುತ್ತಾರೆ. ಆ ಹಿರಿಯರು ನನಗೆ ಹೇಳಿದ್ದು ಬೇರೆ: ‘ಕ್ಯಾಮರಾ ಕೊಳ್ಳೋದು ಸುಲಭ ಕಣಯ್ಯ. ರೋಲು ಹಾಕೋದು ಕಷ್ಟ.’ ನಾನು ವಿಚಾರಿಸಿದ ಅಂಗಡಿಯಲ್ಲಿ ಕಪ್ಪು-ಬಿಳುಪು ರೋಲಿಗೆ ಸಾವಿರ ರೂಪಾಯಿ. ತೊಳೆದು ಸ್ಕ್ಯಾನ್ ಮಾಡಿಸಲು ಐನೂರು. ಹನ್ನೆರಡರಿಂದ ಭಾಗಿಸಿ. ಒಂದು ಕ್ಲಿಕ್ಕಿಗೆ 125 ರೂಪಾಯಿ! ಕಣ್ಣು ಮಿಟುಕಿಸಿದರೆ ಒಂದು ಸಿನಿಮಾ ಟಿಕೆಟ್ ಹೋಯಿತು ಅನ್ನಿ.

ಮಾಮಿಯಾಗೆ 42,000 ಕೊಟ್ಟರೆ ನನ್ನಲ್ಲಿ ಉಳಿಯೋದು ಎರಡೇ ರೋಲಿನ ದುಡ್ಡು. ಆಮೇಲೆ ಅದು ಷೋಕೇಸಿನ ಬೊಂಬೆ. ಯಾಷಿಕಾಗೆ 22,000, ಬಿಚ್ಚಿ ಎಣ್ಣೆ ಬಿಟ್ಟು ಸರಿ ಮಾಡಿಸಲು 4,500. ಉಳಿದದ್ದು 18,500. ಹನ್ನೆರಡು ರೋಲು! ಒಂದು ಪರೀಕ್ಷೆಗೆ, ಹನ್ನೊಂದು ಹನ್ನೊಂದು ಟಾಕೀಸಿಗೆ. ಕೈಯಲ್ಲಿ ಮಿಕ್ಕುವುದು ಐನೂರು ರೂಪಾಯಿ.

ಅಮ್ಮನಿಗೆ ಹೇಳಿದೆ. ‘ತೆಗ್ದ ತಕ್ಷಣ ಫೋಟೋ ಕಾಣುತ್ತೇನೋ?’ ‘ಇಲ್ಲಮ್ಮ, ಒಂದು ವಾರ ಆಗುತ್ತೆ.’ ‘ಇದ್ರಿಂದ ದುಡ್ಡು ಬರುತ್ತಾ?’ ‘ಇಲ್ಲಮ್ಮ, ಹೋಗುತ್ತೆ.’ ‘ಮತ್ಯಾಕೋ?’ ಆ ‘ಮತ್ಯಾಕೋ’ಗೆ ಉತ್ತರ ಹುಡುಕುತ್ತಾ ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಕೊನೆಗೆ ಹೊಳೆದದ್ದು ಇಷ್ಟು: 85 ಎಂ.ಎಂ. ಲೆನ್ಸು ಮದುವೆ ದಿನಕ್ಕೆ ಬಾಡಿಗೆಗೆ ಸಿಗುತ್ತೆ. ಮುಂದಿನ ವರ್ಷವೂ ಕೊಳ್ಳಲು ಸಿಗುತ್ತೆ. ಕೆಡವಿದ ಟಾಕೀಸು ಬಾಡಿಗೆಗೂ ಸಿಗೋದಿಲ್ಲ! ಹಾಗೇ ಅಮ್ಮನಿಗೂ ಹೇಳಿದೆ. ಅವಳು ಮಾತಾಡಲಿಲ್ಲ. ಮಾತಾಡದಿದ್ದರೆ ಒಪ್ಪಿದ ಹಾಗೆ, ನಮ್ಮನೆ ಕಾನೂನು ಅದು.

ಮನಸ್ಸು ಒಪ್ಪಿತು ಅಂತ ದುಡ್ಡು ಎಣಿಸಿ ಕೊಡಬೇಡಿ ಮತ್ತೆ! ಯಾಷಿಕಾ 124ಜಿ 1970ರಿಂದ 1986ರವರೆಗೆ ತಯಾರಾದ ಮಾಲು. ತೀರಾ ಹೊಸದಕ್ಕೂ ನಲವತ್ತರ ಹತ್ತಿರ ವಯಸ್ಸು. ಪರೀಕ್ಷೆ ಹೀಗೆ ಮಾಡಿ. ಹಿಂದಿನ ಬಾಗಿಲು ತೆಗೆದು ಲೆನ್ಸಿನೊಳಕ್ಕೆ ಟಾರ್ಚ್ ಬಿಡಿ. ಜೇಡರ ಬಲೆಯ ಹಾಗೆ ಎಳೆ ಕಂಡರೆ ಅದು ಫಂಗಸ್ಸು. ನಮ್ಮ ಮಳೆಗಾಲದ ವರ! ಗಾಜಿನ ಲೇಪ ತಿಂದಿದ್ದರೆ ಯಾರು ಒರೆಸಿದರೂ ಹೋಗೋಲ್ಲ. ಶಟರನ್ನು ಒಂದು ಸೆಕೆಂಡಿಗೆ ಇಟ್ಟು ಒತ್ತಿ. ಗೊರಗೊರ ಅಂತ ಮಧ್ಯದಲ್ಲಿ ನಿಂತರೆ ಒಳಗೆ ಎಣ್ಣೆ ಗಟ್ಟಿಯಾಗಿದೆ ಅಂತ ಅರ್ಥ. ಸುತ್ತುವ ಹಿಡಿ ಸಲೀಸಾಗಿ ತಿರುಗಬೇಕು. ಶಟರನ್ನು ‘ಬಿ’ಯಲ್ಲಿ ತೆರೆದು ಹಿಡಿದು, ಫಿಲಂ ಕೂರುವ ಜಾಗಕ್ಕೆ ಟ್ರೇಸಿಂಗ್ ಕಾಗದ ಒತ್ತಿ ನೋಡಿ. ಮೇಲಿನ ಗಾಜಿನಲ್ಲಿ ಯಾವುದು ಸ್ಪಷ್ಟವೋ ಕಾಗದದ ಮೇಲೂ ಅದೇ ಸ್ಪಷ್ಟವಾಗಬೇಕು. ಇಲ್ಲವಾದರೆ ಎರಡು ಕಣ್ಣಿಗೂ ಹೊಂದಾಣಿಕೆಯಿಲ್ಲ. ಒಳಗಿನ ಲೈಟ್ ಮೀಟರ್ ಸತ್ತಿದ್ದರೆ ಚಿಂತೆ ಬೇಡ. ಅದಕ್ಕೆಂದು ಮಾಡಿದ ಪಾದರಸದ ಸೆಲ್ಲೇ ಈಗ ಮಾರಾಟಕ್ಕಿಲ್ಲ. ಜೇಬಿನ ಫೋನೇ ಮೀಟರು. ಆದರೆ ಬೆಲೆ ಇಳಿಸಲು ಆ ಮಾತು ಎತ್ತಿ!

ಇಷ್ಟಾದ ಮೇಲೂ ಕೊನೆಯ ತೀರ್ಪು ರೋಲಿನದೇ. ‘ಸಾರ್, ಒಂದು ರೋಲು ತೆಗೆದು ತೊಳೆಸಿ ನೋಡ್ತೀನಿ. ಸರಿ ಬಂದರೆ ಪೂರ್ತಿ ದುಡ್ಡು’ ಅಂದೆ. ಅವರು ನಕ್ಕು, ‘ಅದನ್ನ ಕೇಳದವನಿಗೆ ನಾನು ಕೊಡ್ತಾನೇ ಇರ್ಲಿಲ್ಲ’ ಅಂದರು. ಇಪ್ಪತ್ತನಾಲ್ಕು ಸಾವಿರ ಅಂದಿದ್ದವರು ಇಪ್ಪತ್ತೆರಡಕ್ಕೆ ಇಳಿದರು. ರೋಲು ತೊಳೆದು ಬಂತು. ಹನ್ನೆರಡು ಚೌಕ, ನಡುವೆ ಸಮ ಅಂತರ, ಎಲ್ಲೂ ಬೆಳಕು ಸೋರಿಲ್ಲ. ಹೋಗಿ ದುಡ್ಡು ಕೊಟ್ಟೆ. ಅವರು ಪಟ್ಟಿಯನ್ನೊಮ್ಮೆ ಸವರಿ, ಕೈಗೆ ಕೊಟ್ಟು, ಒಳಗೆ ಹೋಗಿಬಿಟ್ಟರು.

ಈಗ ನಮ್ಮನೆ ಫ್ರಿಜ್ಜಿನಲ್ಲಿ ದೋಸೆ ಹಿಟ್ಟಿನ ಪಕ್ಕ ಹನ್ನೊಂದು ರೋಲು ಕೂತಿವೆ. ಗೋಡೆಯ ಮೇಲೆ ಹನ್ನೊಂದು ಟಾಕೀಸಿನ ಪಟ್ಟಿ ಇದೆ. ಈ ಭಾನುವಾರ ಮೊದಲನೆಯದು. ಅಲ್ಲಿನ ಆಪರೇಟರು ಫೋನಿನಲ್ಲಿ ಕೇಳಿದ್ದು ಒಂದೇ ಮಾತು: ‘ಇಸ್ತ್ರಿ ಷರಟು ಹಾಕ್ಕೊಂಡ್ ಬರ್ಲಾ?’

ನೀವೂ ಇಂಥ ಹಳೇ ಕ್ಯಾಮರಾ ಮುಂದೆ ನಿಂತು ಜೇಬು ತಡವಿಕೊಳ್ಳುತ್ತಿದ್ದರೆ ಮೊದಲು ಕೇಳಿಕೊಳ್ಳಿ: ಇದರಲ್ಲಿ ಯಾರ ಫೋಟೋ ತೆಗೆಯಬೇಕು? ಹೆಸರು ಹೊಳೆದರೆ ರೋಲಿನ ದುಡ್ಡು ಎತ್ತಿಟ್ಟು ಆಮೇಲೆ ಬೆಲೆ ಮಾತಾಡಿ. ಹೊಳೆಯದಿದ್ದರೆ ಕೈಮುಗಿದು ವಾಪಸು ಬನ್ನಿ, ನಷ್ಟವಿಲ್ಲ. ಅಂದ ಹಾಗೆ, ನಿಮ್ಮೂರ ಟಾಕೀಸು ಇನ್ನೂ ನಿಂತಿದ್ದರೆ ಯಾವ ಕ್ಯಾಮರಾ ಸಿಕ್ಕರೂ ಸರಿ, ಇವತ್ತೇ ಒಂದು ಫೋಟೋ ತೆಗೆದಿಡಿ. ಗೇಟ್ ಕೀಪರನ್ನು ಮಾತ್ರ ಮರೀಬೇಡಿ!