ಎರೆಮಣ್ಣಿನ ಪಾಠ

ಮಳೆಗಾಲದಲ್ಲಿ ಘೋಡಗೇರಿಗೆ ಹೋಗುವವರು ಎರೆಮಣ್ಣಿಗೆ ಮರ್ಯಾದೆ ಕೊಡಬೇಕು. ಅದನ್ನು ಮರೆತ ನಮ್ಮ ಜೀಪು ಕಬ್ಬಿನ ಹೊಲದ ದಾರಿಯಲ್ಲಿ ಅಚ್ಚಿನವರೆಗೂ ಹೂತುಹೋಯಿತು. ಹಿಂದಿನ ಆಸನದಲ್ಲಿ ಮಿತ್ರರ ವೃದ್ಧ ತಾಯಿ. ಹಿಡಕಲ್ ಜಲಾಶಯದ ಕಡೆಯಿಂದ ಏರಿ ಬರುತ್ತಿದ್ದ ಕಾರ್ಮೋಡ.

ಮಿತ್ರರು ಅಗ್ಗದ ವಿದ್ಯುತ್ ವಿಂಚೊಂದನ್ನು ಕೊಂಡಿದ್ದರು. ತುಂಬಿದ ಜೀಪಿನ ತೂಕ 2,000 ಕಿಲೋ. ಅದರ ಒಂದೂವರೆ ಪಟ್ಟು, ಎಂದರೆ 3,000 ಕಿಲೋ ಎಳೆಯುವ ಯಂತ್ರವೆಂಬ ಲೆಕ್ಕವೇನೋ ಸರಿಯೇ. ಆದರೆ ಆ ಬಲ ಉರುಳೆಯ ಮೇಲಿನ ಹಗ್ಗದ ಮೊದಲ ಪದರಕ್ಕೆ ಮಾತ್ರ. ಪದರ ಏರಿದಂತೆ ಎಳೆತ ಇಳಿಯುತ್ತದೆ. ಇದಕ್ಕಿಂತ ದೊಡ್ಡ ತಪ್ಪೆಂದರೆ ಅದನ್ನು ಬಂಪರಿನ ತೆಳು ತಗಡಿಗೆ ಬಿಗಿದದ್ದು. ಗುಂಡಿ ಒತ್ತಿದೊಡನೆ ಮುಂದೆ ಬಂದದ್ದು ಜೀಪಲ್ಲ, ಬಂಪರು!

“ಬೇರು ಗಟ್ಟಿ ಇಲ್ಲದ ಗಿಡಕ್ಕ ಎತ್ತ ಕಟ್ಟಬಾರದಪಾ” ಎಂದರು ತಾಯಿ.

ಕಡೆಗೆ ರೈತರೊಬ್ಬರ ಟ್ರ್ಯಾಕ್ಟರು, ಮೊದಲ ಹನಿ ಬೀಳುವ ಮುನ್ನ, ನಮ್ಮನ್ನು ದಡ ಸೇರಿಸಿತು. ಹಣವನ್ನು ಅವರು ಮುಟ್ಟಲಿಲ್ಲ. ಚಹಾ ಕುಡಿಸಿಯೇ ಕಳುಹಿಸಿದರು.

ಈಗ ವಿಂಚು ಚಾಸಿಗೆ ಸೇರಿಸಿದ ದಪ್ಪ ಉಕ್ಕಿನ ಫಲಕದ ಮೇಲೆ ಕುಳಿತಿದೆ. ದಪ್ಪ ತಂತಿಗಳು ನೇರವಾಗಿ ಬ್ಯಾಟರಿಗೆ ಸೇರಿವೆ. ಜೊತೆಗೊಂದು ರಾಟೆಯಿದೆ: ಹಗ್ಗವನ್ನು ಅದರ ಮೂಲಕ ಮಡಿಸಿ ತಂದರೆ ವೇಗ ಅರ್ಧಕ್ಕಿಳಿದು, ಬಲ ಸರಿಸುಮಾರು ಇಮ್ಮಡಿಯಾಗುತ್ತದೆ. ಹಗ್ಗ ಹರಿದರೆ ಚಾಟಿಯಂತೆ ಬೀಸುವುದರಿಂದ ಅದರ ಮೇಲೆ ಹೊದಿಸಲು ಕಂಬಳಿಯೂ ಉಂಟು.

ಆ ಕಂಬಳಿಯನ್ನು ಕೊಟ್ಟವರು ತಾಯಿಯೇ.